ಮಾವಿನ ಮರಕ್ಕೆ ಟ್ರೀಟ್‌ಮೆಂಟ್ ಕೊಡ್ತೀವಿ ಅಂತ ಬರುವವರನ್ನು ಗೇಟ್ ಒಳಗೆ ಬಿಡಬೇಡಿ

ಮೈಸೂರಿನಲ್ಲಿ ಹಿತ್ತಲಲ್ಲಿ ಮಾವು, ಸಪೋಟ, ತೆಂಗು ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಕೂಟರ್ ಮೇಲೆ ಸ್ಪ್ರೇ ಪಂಪ್ ಇಟ್ಟುಕೊಂಡು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು, "ನಿಮ್ಮ ಮರಕ್ಕೆ ರೋಗ ಬಂದಿದೆ" ಅಂತ ಬೀದಿ ಬೀದಿ ತಿರುಗುತ್ತಿದ್ದಾರೆ. ನಮ್ಮ ಮನೆಯಿಂದ ₹8,500 ತೆಗೆದುಕೊಂಡು ಹೋದರು. ದುಡ್ಡು ಹಾಳಾಗಲಿ. ದಿನಾ ಒಗ್ಗರಣೆಗೆ ಕೀಳುವ ಕರಿಬೇವಿನ ಪಕ್ಕದಲ್ಲೇ ವಿಷ ಹಾಕಿ, ಒಂದು ಮಾತೂ ಹೇಳದೆ ಹೋದರಲ್ಲ, ಅದು ನನಗೆ ತಡೆಯೋಕೆ ಆಗ್ತಿಲ್ಲ.

ನಮ್ಮದು ಬಾದಾಮಿ ಮಾವಿನ ಮರ. ಮನೆ ಕಟ್ಟಿಸಿದ ವರ್ಷ ಮಾವನವರು ನೆಟ್ಟಿದ್ದು. ಈಗ ಅವರಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅದರ ಒಂದು ಕಡೆಯ ಕೊಂಬೆ ಬಾಡಲು ಶುರುವಾಯಿತು. ಎಲೆ ಹಳದಿಯಾಗಿ ತುದಿಯಿಂದ ಒಣಗುತ್ತಾ ಬಂತು. ಬುಡದಲ್ಲಿ ಸಣ್ಣ ಮರದ ಪುಡಿ ಬಿದ್ದಿರುತ್ತಿತ್ತು, ಬಡಗಿ ಕೂತು ಕೆಲಸ ಮಾಡಿ ಎದ್ದು ಹೋದ ಹಾಗೆ. ಬೆಳಿಗ್ಗೆ ಗುಡಿಸಿದರೆ ನಾಳೆಗೆ ಮತ್ತೆ ಅಷ್ಟೇ ಪುಡಿ. ತೊಗಟೆಯಿಂದ ಕಂದು ಬಣ್ಣದ ಅಂಟೂ ಇಳಿದಿತ್ತು. ಈ ಪುಡಿ ವಿಷಯ ನೆನಪಿಟ್ಟುಕೊಳ್ಳಿ, ಎಲ್ಲಾ ಇರುವುದು ಅದರಲ್ಲೇ.

ಅವರಲ್ಲೊಬ್ಬ ನಮ್ಮ ಗೇಟ್ ಹತ್ತಿರ ನಿಂತೇ ಮೇಲೆ ನೋಡಿ, "ಮೇಡಂ, ಮರ ಕೈ ಬಿಟ್ಟು ಹೋಗ್ತಾ ಇದೆ, ಗೊತ್ತಾ?" ಅಂದ. ತಾನು ಹಾರ್ಟಿಕಲ್ಚರ್ ಕಡೆಯವನು ಅಂದ. ಕಾರ್ಡ್ ಮೇಲೆ ಫೋಟೋ, ಹಸಿರು ಎಲೆಯ ಚಿತ್ರ, ಸೀಲ್ ಥರದ್ದು ಏನೋ ಒಂದು. ಜೊತೆಗೊಬ್ಬ ಹುಡುಗ. ಹುಡುಗ ಮಾತಾಡಲೇ ಇಲ್ಲ, ಒಳಗೆ ಬಂದವನೇ ನೇರ ಪಾತಿ ಅಗೆಯಲು ಕೂತ.

ಒಂದು ಗೇಣು ಅಗೆದಿರಬೇಕು, ಅಷ್ಟರಲ್ಲಿ ಮೂರು ನಾಲ್ಕು ಗೊಣ್ಣೆ ಹುಳು ಸಿಕ್ಕವು. ಬಿಳಿ ಮೈ, ಕಂದು ತಲೆ, ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತವಲ್ಲ, ಅವೇ. ಪೇಪರ್ ಮೇಲೆ ಹಾಕಿಕೊಂಡು ಬಂದು ನಮ್ಮ ಅತ್ತೆಯ ಮುಂದೆ ಹಿಡಿದ. "ನೋಡಿ ಅಜ್ಜಿ, ಇವೇ ಬೇರು ತಿಂತಾ ಇರೋದು. ಕೆಳಗೆ ಇನ್ನೂ ನೂರಾರು ಇದಾವೆ. ಈಗ ಬಿಟ್ಟರೆ ತೆಂಗಿಗೂ ಹೋಗುತ್ತೆ, ಆಮೇಲೆ ಮನೆ ಪಾಯಕ್ಕೂ ಬರುತ್ತೆ." ಅತ್ತೆಗೆ ಕೈ ನಡುಗಲು ಶುರುವಾಯಿತು. ಮಾವನವರು ನೆಟ್ಟ ಮರ ಅಂತ ಅವರಿಗೆ ಮೊದಲೇ ಸಂಕಟ. ಪಕ್ಕದ ಮನೆಯವರೂ ಕಾಂಪೌಂಡ್ ಮೇಲಿಂದ ನೋಡಿ "ಅಯ್ಯೋ, ಮಾಡಿಸಿಬಿಡಿ" ಅಂದರು.

ಬುಡದಲ್ಲಿ ಬೀಳುವ ಪುಡಿ ಏನು ಅಂತ ನಾನು ಕೇಳಿದೆ. ಕೇಳಿದ್ದೆ! "ಅದು ಇರುವೆದು ಮೇಡಂ, ಅದರಿಂದ ಏನೂ ಆಗಲ್ಲ" ಅಂದ. ಹೇಳುತ್ತಾ ಕಾಲಲ್ಲೇ ಆ ಪುಡಿಯನ್ನು ಪಕ್ಕಕ್ಕೆ ತಳ್ಳಿದ. ಆ ಕಾಲು ಇನ್ನೂ ನನ್ನ ಕಣ್ಣ ಮುಂದೆ ಇದೆ.

ಮೊದಲು ₹12,000 ಅಂದ. ಚೌಕಾಸಿ ಮಾಡಿ ಎಂಟೂವರೆ ಸಾವಿರಕ್ಕೆ ಬಂತು. ಫೋನ್‌ಪೇ ಬೇಡ, ಕ್ಯಾಶೇ ಬೇಕು. ಬಿಲ್ ಕೇಳಿದರೆ "ಜಿಎಸ್‌ಟಿ ಸೇರಿ ಜಾಸ್ತಿ ಆಗುತ್ತೆ, ನಿಮಗೇ ಲಾಸ್" ಅಂದ. ಆಮೇಲೆ ಒಂದು ಪ್ಲಾಸ್ಟಿಕ್ ಕವರ್‌ನಿಂದ ಕಪ್ಪು ಹರಳು ತೆಗೆದು ಪಾತಿ ತುಂಬಾ ಉದುರಿಸಿದ. ಕವರ್ ಮೇಲೆ ಹೆಸರಿಲ್ಲ, ಲೇಬಲ್ ಇಲ್ಲ, ಏನೂ ಇಲ್ಲ. ಕೊಳೆತ ಬೆಳ್ಳುಳ್ಳಿಯಂಥ ನಾತ. ಅದರ ಮೇಲೆ ಮಣ್ಣು ಎಳೆದು ನೀರು ಬಿಟ್ಟರು. ಕೊನೆಗೆ ಕಾಂಡಕ್ಕೆ ಎದೆ ಮಟ್ಟದವರೆಗೆ ದಪ್ಪಗೆ ಸುಣ್ಣ ಬಳಿದು, ಮಧ್ಯೆ ಕೆಮ್ಮಣ್ಣಿನ ಪಟ್ಟಿ ಎಳೆದು, "ಇನ್ನು ಹುಳು ಹತ್ತಿರ ಬರಲ್ಲ" ಅಂತ ಹೇಳಿ ಹೊರಟರು.

ಕರಿಬೇವಿನ ಗಿಡ ಆ ಪಾತಿಯಿಂದ ಎರಡು ಮಾರು ದೂರ ಇಲ್ಲ. "ಸ್ವಲ್ಪ ದಿನ ಸೊಪ್ಪು ಕೀಳಬೇಡಿ" ಅಂತ ಒಂದು ಮಾತು. ಅಷ್ಟು ಹೇಳೋಕೆ ಏನಾಗಿತ್ತು?

ಆ ವಾರವೇ ಪಾತಿ ಕೆದಕುತ್ತಿದ್ದ ಎರಡು ಗೊರವಂಕ ಅಲ್ಲೇ ಸತ್ತು ಬಿದ್ದವು. ನನಗೆ ಎದೆ ಧಸಕ್ ಅಂತು. ಫೋನ್ ಮಾಡಿದೆ. "ಬಿಸಿಲಿಗೆ ಸತ್ತಿರುತ್ತೆ ಮೇಡಂ. ಬೇಸಿಗೆ ಅಲ್ವಾ." ಏನು ಹಾಕಿದ್ದೀರಿ, ಹೆಸರು ಹೇಳಿ ಅಂದೆ. "ಆರ್ಗ್ಯಾನಿಕ್ ಮೇಡಂ, ನಮ್ಮದೇ ಫಾರ್ಮುಲಾ, ಹೆಸರು ಹೇಳೋ ಹಾಗಿಲ್ಲ." ಆರ್ಗ್ಯಾನಿಕ್ ಅಂತೆ.

ಶಿವರಾತ್ರಿ ಹೊತ್ತಿಗೆ ಎರಡನೇ ಕೊಂಬೆಯೂ ಒಣಗಿತು. ಮತ್ತೆ ಫೋನ್. ಈಗ ಮಾತೇ ಬೇರೆ. "ನೀವು ನೀರು ಜಾಸ್ತಿ ಹಾಕಿದ್ದೀರಾ, ಔಷಧಿ ತೊಳೆದು ಹೋಗಿದೆ. ಇನ್ನೊಂದು ಡೋಸ್ ಬೇಕು, ಐದು ಸಾವಿರ ಆಗುತ್ತೆ." ನೀರು ಬಿಡಿ ಅಂತ ಹೇಳಿದವನೂ ಅವನೇ! ದುಡ್ಡು ವಾಪಸ್ ಕೊಡಿ ಅಂದೆ. ಅದಕ್ಕೆ ಬಂದ ಉತ್ತರ ಕೇಳಿ: "ಆಸ್ಪತ್ರೇಲಿ ಪೇಷಂಟ್ ಸತ್ತರೆ ಡಾಕ್ಟರು ದುಡ್ಡು ವಾಪಸ್ ಕೊಡ್ತಾರಾ ಮೇಡಂ? ಮರಕ್ಕೂ ಆಯಸ್ಸು ಅಂತ ಇರುತ್ತೆ." ಪಕ್ಕದಲ್ಲಿ ಅತ್ತೆ ಇದ್ದರು, ಸ್ಪೀಕರ್‌ನಲ್ಲಿತ್ತು, ಎಲ್ಲಾ ಕೇಳಿಸಿಕೊಂಡರು. ಆಮೇಲೆ ನನ್ನ ನಂಬರ್ ಬ್ಲಾಕ್. ನನ್ನ ಯಜಮಾನರು ಅವರ ಫೋನ್‌ನಿಂದ ಮಾಡಿದರೆ "ರಾಂಗ್ ನಂಬರ್" ಅಂದು ಇಟ್ಟ.

ನಿಜ ಗೊತ್ತಾಗಿದ್ದು ದೊಡ್ಡಮ್ಮನ ಮಗ ಬಂದಾಗ. ಅವರದು ಶ್ರೀನಿವಾಸಪುರದ ಕಡೆ ಮಾವಿನ ತೋಪು. ಅಣ್ಣ ಪಾತಿ ಕಡೆ ತಿರುಗಿಯೂ ನೋಡಲಿಲ್ಲ. ನೇರ ಕಾಂಡದ ಹತ್ತಿರ ಹೋಗಿ, "ಯಾರಮ್ಮ ಇದಕ್ಕೆ ಸುಣ್ಣ ಬಳಿದವನು?" ಅಂದ. ಚಾಕುವಿನಿಂದ ಸುಣ್ಣ ಕೆರೆದ. ಕೆರೆದ ಕಡೆ ತೊಗಟೆಯಲ್ಲಿ ತೂತು. ಬೆರಳು ತೂರುವಷ್ಟು. ಅದರ ತುಂಬಾ ಒತ್ತಿ ಇಟ್ಟ ಹಾಗೆ ಅದೇ ಮರದ ಪುಡಿ. ಇನ್ನೊಂದು ಕಡೆ ಕೆರೆದರೆ ಇನ್ನೊಂದು ತೂತು.

ಅಂದರೆ ಆತ ತೂತಿನ ಮೇಲೇ ಸುಣ್ಣ ಬಳಿದು ಹೋಗಿದ್ದ! ಇಡೀ ಕಾಂಡ ಕೈಯಲ್ಲಿ ಸವರಿ ಬಳಿದವನಿಗೆ ಇಷ್ಟು ದೊಡ್ಡ ತೂತು ಕಾಣಿಸಲ್ವಾ? ಕಂಡಿದೆ. ಕಂಡೇ ಮುಚ್ಚಿದ್ದಾನೆ. ನಾನು ಪುಡಿ ತೋರಿಸಿ ಕೇಳಿದ್ದೆನಲ್ಲ, ಅದನ್ನೇ ಮುಚ್ಚಿದ್ದಾನೆ. ಆಗ ನನಗಾದ ಅವಮಾನ ಹೇಳಲು ಬರುವುದಿಲ್ಲ. ಇಡೀ ಬೀದಿ ನೋಡುತ್ತಿರುವಾಗ ನಮ್ಮನ್ನು ಮಂಗ ಮಾಡಿ ಹೋಗಿದ್ದ.

ಅಣ್ಣ ಹಳೇ ಸೈಕಲ್ ಕಡ್ಡಿಯ ತುದಿ ಕೊಕ್ಕೆ ಥರ ಬಗ್ಗಿಸಿ ತೂತಿಗೆ ಹಾಕಿದ. ಪುಡಿ ಎಳೆದು ಎಳೆದು ತೆಗೆದ. ಆಮೇಲೆ ಕಡ್ಡಿಗೆ ಸಿಕ್ಕಿಕೊಂಡು ಹುಳು ಈಚೆ ಬಂತು. ಕಿರುಬೆರಳಿಗಿಂತ ದಪ್ಪ, ಹಳದಿ ಮಿಶ್ರಿತ ಬಿಳಿ, ಗಟ್ಟಿ ದವಡೆ, ಮೈ ಉದ್ದಕ್ಕೂ ಗಂಟು ಗಂಟು. ಕಾಲಿಲ್ಲ. ಇದು ಕಾಂಡ ಕೊರಕ. ಉದ್ದ ಮೀಸೆಯ ದೊಡ್ಡ ದುಂಬಿಯೊಂದು ತೊಗಟೆಯ ಬಿರುಕಲ್ಲಿ ಮೊಟ್ಟೆ ಇಟ್ಟರೆ ಅದರಿಂದ ಬರುವ ಮರಿ. ಒಳಗೇ ತಿನ್ನುತ್ತಾ ಸುರಂಗ ಮಾಡುತ್ತೆ, ಮೇಲಿನ ಕೊಂಬೆಗೆ ನೀರು ಸೇರುವುದು ನಿಂತು ಒಣಗುತ್ತೆ. ಮಣ್ಣಿನಲ್ಲಿ ಸಿಕ್ಕ ಗೊಣ್ಣೆ ಹುಳುಗಳಿಗೆ ಮುಂದುಗಡೆ ಮೂರು ಜೊತೆ ಕಾಲು ಇರುತ್ತೆ, ಕೊಟ್ಟಿಗೆ ಗೊಬ್ಬರ ಹಾಕಿದ ಯಾವ ಪಾತಿ ಅಗೆದರೂ ಸಿಗುತ್ತವೆ. ಸಣ್ಣ ಗಿಡಕ್ಕೆ ತೊಂದರೆ ಕೊಡಬಹುದು, ಇಷ್ಟು ದೊಡ್ಡ ಮರ ಅವುಗಳಿಂದ ಒಣಗಲ್ಲ. ನಮ್ಮ ಪಾತಿಗೆ ವರ್ಷಾ ವರ್ಷಾ ಗೊಬ್ಬರ ಹಾಕುತ್ತೇವೆ, ಸಿಗದೆ ಇರುತ್ತಾ? ಅದು ಅವನಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಬಂದ ತಕ್ಷಣ ಪಾತಿ ಅಗೆಸಿದ್ದು.

ಹುಳು ತೆಗೆದ ಮೇಲೆ ಅಣ್ಣ ಹತ್ತಿಯನ್ನು ಪೆಟ್ರೋಲ್‌ನಲ್ಲಿ ಅದ್ದಿ ತೂತಿಗೆ ತುರುಕಿ, ಹಸಿ ಜೇಡಿಮಣ್ಣು ಮೆತ್ತಿದ. ಒಣಗಿದ ಕೊಂಬೆ ಕಡಿದು, ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿದ. 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, 1 ಲೀಟರ್ ನೀರು, ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕಲಸಬೇಕು, ಕಬ್ಬಿಣದ ಪಾತ್ರೆ ಆಗಲ್ಲ. ಎಲ್ಲಾ ಸೇರಿ ಒಂದು ಹೊತ್ತಿನ ಕೆಲಸ. ಎಂಟೂವರೆ ಸಾವಿರ ಎಲ್ಲಿ, ಇದೆಲ್ಲಿ. ಮತ್ತೆ ಪುಡಿ ಬಿದ್ದಿಲ್ಲ, ಉಳಿದ ಕೊಂಬೆಗಳಲ್ಲಿ ಚಿಗುರು ಬಂದಿದೆ. ಆದರೆ ಆ ಎರಡು ಕೊಂಬೆ ಹೋದವು. ಮೊದಲೇ ಕಾಂಡ ನೋಡಿದ್ದರೆ ಎರಡನೆಯದಾದರೂ ಉಳಿಯುತ್ತಿತ್ತು.

ಪಾತಿಯ ವಾಸನೆ ನೋಡಿ ಅಣ್ಣ "ಇದು ಫೋರೇಟ್ ಥರ ಇದೆ" ಅಂದ. ಹಿಂದೆ ಶುಂಠಿ, ಬಾಳೆಗೆಲ್ಲ ಹಾಕುತ್ತಿದ್ದ ಭಾರಿ ವಿಷ. 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ಅದನ್ನು ಮಾರುವ ಹಾಗೂ ಇಲ್ಲ, ಬಳಸುವ ಹಾಗೂ ಇಲ್ಲ. ಬೇರು ಅದನ್ನು ಹೀರಿಕೊಂಡು ಎಲೆಗೆ ಕಳಿಸುತ್ತೆ. ಕರಿಬೇವಿನ ಬೇರು ಆ ಪಾತಿಯವರೆಗೂ ಹೋಗಿದೆ. ಅದೇ ಕರಿಬೇವನ್ನು ನಾವು ಸಾರಿಗೆ, ಚಿತ್ರಾನ್ನಕ್ಕೆ ಹಾಕಿ ಮಕ್ಕಳಿಗೆ ಬಡಿಸಿದ್ದೇವೆ. ಈ ವಾಕ್ಯ ಬರೆಯುವಾಗಲೂ ಹೊಟ್ಟೆಯಲ್ಲಿ ಹೇಗೋ ಆಗುತ್ತೆ. ಗೊತ್ತಾದ ದಿನದಿಂದ ಆ ಗಿಡದ ಒಂದು ಎಲೆ ಮುಟ್ಟಿಲ್ಲ. ಯುಗಾದಿಗೆ ಮಾವಿನಕಾಯಿಯನ್ನೂ ಅಂಗಡಿಯಿಂದ ತಂದೆವು, ಮನೆ ಮುಂದೆ ಮರ ಇಟ್ಟುಕೊಂಡು.

ಮರ ಬಾಡಿದರೆ ಮೊದಲು ಕಾಂಡ ನೋಡಿ. ಪುಡಿ, ತೂತು, ಅಂಟು ಇದೆಯಾ ನೋಡಿ. ಮುಂಗಾರು ಶುರುವಾದ ಮೇಲೆ ಆಗಾಗ ನೋಡುತ್ತಿರಿ. ಗೊತ್ತಾಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ, ತೋಟಗಾರಿಕೆ ಇಲಾಖೆ ಕಚೇರಿ ಇದೆ, ಒಣಗಿದ ರೆಂಬೆ, ಪುಡಿ, ಕಾಂಡದ ಫೋಟೋ ತೆಗೆದುಕೊಂಡು ಹೋಗಿ. ಲೇಬಲ್ ಇಲ್ಲದ ಯಾವ ಔಷಧಿಯನ್ನೂ ಮಣ್ಣಿಗೆ ಬೀಳಲು ಬಿಡಬೇಡಿ. ಅಂಗಡಿಯ ಕೀಟನಾಶಕದ ಮೇಲೆ ಕೆಂಪು, ಹಳದಿ, ನೀಲಿ ಇಲ್ಲಾ ಹಸಿರು ಗುರುತು ಇದ್ದೇ ಇರಬೇಕು, ಕೆಂಪು ಅಂದರೆ ಅತಿ ವಿಷ. ಮಾರಲು 1968ರ ಕೀಟನಾಶಕ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಗೇಟ್ ಹತ್ತಿರ ಬಂದವನಿಗೆ ಅದನ್ನು ತೋರಿಸು ಅನ್ನಿ.

ಈಗಾಗಲೇ ಇವರ ಕೈಯಲ್ಲಿ ಮಾಡಿಸಿಕೊಂಡವರು ಇದ್ದರೆ ಇವತ್ತೇ ಕಾಂಡದ ಸುಣ್ಣ ಕೆರೆದು ನೋಡಿ. ಪಾತಿ ಹತ್ತಿರದ ಕರಿಬೇವು, ದೊಡ್ಡಪತ್ರೆ, ಸೊಪ್ಪು ಯಾವುದನ್ನೂ ಕೀಳಬೇಡಿ. ಮಕ್ಕಳನ್ನು, ನಾಯಿಯನ್ನು, ಕೋಳಿಯನ್ನು ಆ ಮಣ್ಣಿನ ಹತ್ತಿರ ಬಿಡಬೇಡಿ. ಮುಟ್ಟಲೇಬೇಕಾದರೆ ಗ್ಲೌಸ್ ಹಾಕಿಕೊಳ್ಳಿ.