ಪೈಟೆಸ್ಟ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು: ಕೆಲಸ ಚೊಕ್ಕ, ಬಾಯಿ ಮಾತ್ರ ಬಿಡಲ್ಲ

ಪೈಥಾನ್‌ನಲ್ಲಿ ಟೆಸ್ಟ್ ಬರೆಯುವವರಿಗೆ ಪೈಟೆಸ್ಟ್ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಳಿದವರಿಗೆ: ಬರೆದ ಕೋಡ್ ಸರಿಯಿದೆಯೋ ಅಂತ ನೋಡುವ ಟೆಸ್ಟ್‌ಗಳನ್ನು ಓಡಿಸುವ ಸಾಧನ ಅದು. ಪುಕ್ಕಟೆ ಸಿಗುತ್ತದೆ, ಎಂಐಟಿ ಲೈಸೆನ್ಸ್. ನಾನಿಲ್ಲಿ ಬರೆಯುತ್ತಿರುವುದು ಅದರ ಒಂದೇ ಭಾಗದ ಬಗ್ಗೆ. ಕೋಡ್ ಮುಟ್ಟದೆ, ಸೆಟ್ಟಿಂಗ್ ಫೈಲ್ ಮುಟ್ಟದೆ, ಬರೀ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಿಂದ (ಪ್ರೋಗ್ರಾಂಗೆ ಹೊರಗಿನಿಂದ ಹೆಸರಿಟ್ಟು ಕೊಡುವ ಬೆಲೆಗಳು) ಅದನ್ನು ಕುಣಿಸುವುದು.

ನನ್ನೂರು ವಿಜಯಪುರ, ಕೆಲಸ ಪುಣೆಯ ಹಿಂಜವಡಿಯಲ್ಲಿ. ನಮ್ಮದು ಸಣ್ಣ ಕಂಪನಿ, ಪತಸಂಸ್ಥೆಗಳಿಗೆ (ಸಹಕಾರಿ ಸಾಲ ಸಂಘಗಳಿಗೆ) ಸಾಫ್ಟ್‌ವೇರ್ ಮಾಡುತ್ತೇವೆ. ರಸೀದಿ ಮರಾಠಿಯಲ್ಲಿ ಬರಬೇಕು, ಗಡಿ ಕಡೆಯ ಶಾಖೆಗಳಿಗೆ ಕನ್ನಡದಲ್ಲೂ ಬರಬೇಕು. ಟೆಸ್ಟ್‌ಗಳು ಅವೇ, ಸರ್ವರ್ ಬೇರೆ, ಭಾಷೆ ಬೇರೆ. ಪ್ರತಿ ಸಲ ಕೋಡ್ ಒಳಗೆ ಹೋಗಿ ವಿಳಾಸ ತಿದ್ದುತ್ತಾ ಕೂತರೆ ಯಾರೋ ಒಬ್ಬರು ಆ ತಿದ್ದುಪಡಿಯನ್ನೇ ಕಮಿಟ್ ಮಾಡಿ ಎಲ್ಲರ ಕೋಡಿಗೂ ಸೇರಿಸಿಬಿಡುತ್ತಾರೆ. ಅದಕ್ಕೇ ಈ ದಾರಿ.

ಎಲ್ಲಕ್ಕಿಂತ ಜಾಸ್ತಿ ಬಳಸುವುದು ಪೈಟೆಸ್ಟ್_ಆಡ್ಆಪ್ಟ್ಸ್. (ಟೈಪ್ ಮಾಡುವಾಗ ಈ ವೇರಿಯಬಲ್ ಹೆಸರುಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿರಬೇಕು.) ಇದರಲ್ಲಿ ಇಟ್ಟ ಆಯ್ಕೆಗಳು, ನೀವೇ ಕಮಾಂಡ್ ಜೊತೆ ಬರೆದಂತೆ ಸೇರಿಕೊಳ್ಳುತ್ತವೆ. ಸಾಲು ಹೀಗೆ: ಮೊದಲು ಇನಿ ಫೈಲಿನ (ಪೈಟೆಸ್ಟ್‌ನ ಸೆಟ್ಟಿಂಗ್ ಫೈಲ್) ಆಡ್ಆಪ್ಟ್ಸ್, ಆಮೇಲೆ ಈ ವೇರಿಯಬಲ್, ಕೊನೆಗೆ ನೀವು ಕೈಯಾರೆ ಬರೆದದ್ದು. ಎರಡು ಕಡೆ ಜಗಳ ಬಂದರೆ ಸಾಮಾನ್ಯವಾಗಿ ಕೊನೆಯದ್ದೇ ಗೆಲ್ಲುತ್ತದೆ. ತುಂಬಾ ಸರಿಯಾದ ಕ್ರಮ. ರಾತ್ರಿಯ ಬಿಲ್ಡ್‌ಗೆ (ಸರ್ವರ್‌ನಲ್ಲಿ ಟೆಸ್ಟ್‌ಗಳು ತಾವಾಗಿ ಓಡುವುದು) ಉದ್ದದ ಎರರ್ ವಿವರ ಬೇಕು, ಹಗಲು ನನಗೆ ಒಂದು ಸಾಲು ಸಾಕು. ಇದಕ್ಕಾಗಿ ಸ್ಕ್ರಿಪ್ಟ್ ಎರಡು ಮಾಡಬೇಕಾಗಿಲ್ಲ.

ಈಗ ದೂರು. ನಮ್ಮ ಟೀಮಿನಲ್ಲಿ ಕಲಬುರಗಿಯ ಹುಡುಗ ಒಬ್ಬ ಇದ್ದಾನೆ. ಒಂದು ದಿನ ಬಂದು, "ಅಕ್ಕಾ, ನನ್ನ ಲ್ಯಾಪ್‌ಟಾಪ್‌ನಾಗ ಎಲ್ಲಾ ಪಾಸ್ ಆಗ್ತಾವ, ಸರ್ವರ್‌ನಾಗ ಫೇಲ್ ಆಗ್ತಾವ" ಅಂದ. ಪೈಥಾನ್ ವರ್ಷನ್ ನೋಡಿದೆವು, ಡೇಟಾಬೇಸ್ ನೋಡಿದೆವು, ಟೈಮ್‌ಜೋನ್ ಕೂಡ ನೋಡಿದೆವು. ಕೊನೆಗೆ ಸಿಕ್ಕಿದ್ದು ಅವನ ಬ್ಯಾಶ್‌ಆರ್‌ಸಿ ಫೈಲಿನಲ್ಲಿ (ಟರ್ಮಿನಲ್ ತೆರೆದಾಗ ತಾನೇ ಓಡುವ ಫೈಲ್). ಲ್ಯಾಪ್‌ಟಾಪ್ ಮೊದಲು ಬಳಸುತ್ತಿದ್ದವರು ಆಡ್ಆಪ್ಟ್ಸ್‌ನಲ್ಲಿ ರೀರನ್ಸ್ ಆಯ್ಕೆ ಎಕ್ಸ್‌ಪೋರ್ಟ್ ಮಾಡಿಟ್ಟು ಹೋಗಿದ್ದರು. ರೀರನ್‌ಫೇಲ್ಯೂರ್ಸ್ ಎಂಬ ಪ್ಲಗಿನ್ (ಪೈಟೆಸ್ಟ್‌ಗೆ ಜೋಡಿಸುವ ಹೆಚ್ಚುವರಿ ತುಣುಕು) ಇದ್ದರೆ, ಈ ಆಯ್ಕೆಯಿಂದ ಬಿದ್ದ ಟೆಸ್ಟ್ ಮತ್ತೆ ಓಡುತ್ತದೆ. ಮರುಓಟದಲ್ಲಿ ಪಾಸ್ ಆದರೆ ಪಾಸ್ ಅಂತಲೇ ಲೆಕ್ಕ. ಕೊನೆಯ ಸಾಲಿನಲ್ಲಿ ರೀರನ್ ಅಂತ ಬಂದೇ ಇರುತ್ತದೆ, ನಿಜ. ಆದರೆ ಫೇಲ್ ಒಂದೂ ಇಲ್ಲ ಅಂದಮೇಲೆ ಅದರ ಪಕ್ಕದ ಪದವನ್ನು ಯಾರು ಓದುತ್ತಾರೆ ಹೇಳಿ?

ಇನಿ ಫೈಲ್ ಯಾವುದು ಅಂತ ಪೈಟೆಸ್ಟ್ ಶುರುವಿನಲ್ಲೇ ತೋರಿಸುತ್ತದೆ. ರೂಟ್ ಫೋಲ್ಡರ್ ತೋರಿಸುತ್ತದೆ, ಪ್ಲಗಿನ್‌ಗಳ ಪಟ್ಟಿಯನ್ನೂ ಕೊಡುತ್ತದೆ. ಆಡ್ಆಪ್ಟ್ಸ್‌ನಿಂದ ಏನು ಬಂತು ಅಂತ ಮಾತ್ರ ತಾನಾಗಿ ಹೇಳುವುದಿಲ್ಲ. ಅದರಲ್ಲಿ ತಪ್ಪು ಆಯ್ಕೆ ಇದ್ದರೆ ಮಾತ್ರ, ಇದು ಇಂಥಲ್ಲಿಂದ ಬಂತು ಅಂತ ಎರರ್‌ನಲ್ಲಿ ಹೆಸರು ಹೇಳುತ್ತದೆ. ಸರಿಯಾಗಿದ್ದರೆ ಗಪ್‌ಚುಪ್. ನನ್ನ ಪ್ರಕಾರ ಇದು ದೊಡ್ಡ ಕೊರತೆ.

ಮದ್ದು ಸುಲಭ. ಟೆಸ್ಟ್‌ಗಳ ಜೊತೆ ಇಡುವ ಕಾನ್‌ಫ್‌ಟೆಸ್ಟ್ ಫೈಲಿನಲ್ಲಿ ಪೈಟೆಸ್ಟ್_ರಿಪೋರ್ಟ್_ಹೆಡರ್ (ಇದು ಮಾತ್ರ ಸಣ್ಣಕ್ಷರದಲ್ಲಿ) ಎಂಬ ಹುಕ್, ಅಂದರೆ ಪೈಟೆಸ್ಟ್ ತಾನೇ ಕರೆಯುವ ಫಂಕ್ಷನ್, ಬರೆಯಿರಿ. ಆಡ್ಆಪ್ಟ್ಸ್ ಮತ್ತು ನಿಮ್ಮ ಸರ್ವರ್ ವಿಳಾಸವನ್ನು ಅದರಿಂದ ರಿಟರ್ನ್ ಮಾಡಿ. ಪ್ರತಿ ಓಟದ ತಲೆಯಲ್ಲೇ ಅವು ಅಚ್ಚಾಗುತ್ತವೆ. ಪಾಸ್‌ವರ್ಡ್ ಇರುವ ವೇರಿಯಬಲ್ ಮಾತ್ರ ಹಾಕಬೇಡಿ, ಬಿಲ್ಡ್ ಲಾಗ್ ಊರೆಲ್ಲ ಓದುತ್ತದೆ.

ಸ್ವಂತ ವೇರಿಯಬಲ್‌ಗಳ ವಿಷಯಕ್ಕೆ ಬಂದರೆ, ಪೈಟೆಸ್ಟ್‌ಗಿಂತ ಪೈಥಾನ್ ಜಾಸ್ತಿ ಕಾಡುತ್ತದೆ. ಎನ್ವಿರಾನ್‌ಮೆಂಟ್‌ನಿಂದ ಬರುವುದೆಲ್ಲ ಸ್ಟ್ರಿಂಗ್. "ಫಾಲ್ಸ್" ಅಂತ ಕೊಟ್ಟರೂ ಅದು ಖಾಲಿಯಲ್ಲದ ಸ್ಟ್ರಿಂಗ್, ಅಂದರೆ ಇಫ್ ಒಳಗೆ ನಿಜ. ಸೊನ್ನೆ ಕೊಟ್ಟರೂ ಅಷ್ಟೇ. ಇನ್ನೊಂದು ಮಾತು. ಸರ್ವರ್ ವಿಳಾಸಕ್ಕೆ ಡಿಫಾಲ್ಟ್ ಕೊಡಬೇಡಿ. ವೇರಿಯಬಲ್ ಇಲ್ಲದಿದ್ದರೆ ಅಲ್ಲೇ ಕೀಎರರ್ (ಆ ಹೆಸರು ಸಿಗಲಿಲ್ಲ ಎಂಬ ಎರರ್) ಬಂದು ನಿಲ್ಲಲಿ. ಸುಮ್ನೆ ಯಾವುದೋ ಸರ್ವರ್‌ಗೆ ಹೋಗಿ ಹೊಡೆಯುವುದಕ್ಕಿಂತ ಅದು ವಾಸಿ, ಅಲ್ವಾ?

ಟೆಸ್ಟ್ ಒಳಗೇ ಬೆಲೆ ಬದಲಿಸಬೇಕೆಂದರೆ ಪೈಟೆಸ್ಟ್ ಜೊತೆಗೇ ಬರುವ ಮಂಕಿಪ್ಯಾಚ್ ಎಂಬ ಸಾಧನದ ಸೆಟ್ಎನ್ವ್ ಇದೆ. ಟೆಸ್ಟ್ ಮುಗಿದ ಮೇಲೆ ಹಳೆಯ ಬೆಲೆಯನ್ನು ತಾನೇ ವಾಪಸ್ ಇಡುತ್ತದೆ. ರಸೀದಿಯ ಭಾಷೆ ಮರಾಠಿಯಿಂದ ಕನ್ನಡಕ್ಕೆ ತಿರುಗಿಸುವ ಟೆಸ್ಟ್‌ಗಳೆಲ್ಲ ನಮ್ಮಲ್ಲಿ ಇದರ ಮೇಲೇ ನಿಂತಿವೆ. ಒಂದೇ ಷರತ್ತು: ನಿಮ್ಮ ಪ್ರೋಗ್ರಾಂ ಆ ವೇರಿಯಬಲ್ಲನ್ನು ಇಂಪೋರ್ಟ್ ಆಗುವಾಗಲೇ ಓದಿ ಇಟ್ಟುಕೊಂಡಿದ್ದರೆ, ಆಮೇಲೆ ಬದಲಿಸಿದ್ದು ಅದಕ್ಕೆ ಕಾಣುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಪೈಟೆಸ್ಟ್_ಕರೆಂಟ್_ಟೆಸ್ಟ್. ಇದನ್ನು ನಾವು ಇಡುವುದಲ್ಲ, ಪೈಟೆಸ್ಟ್ ತಾನೇ ಇಡುತ್ತದೆ. ಈಗ ಓಡುತ್ತಿರುವ ಟೆಸ್ಟ್ ಯಾವುದು, ಸೆಟಪ್ (ಮೊದಲ ತಯಾರಿ) ನಡೆದಿದೆಯೋ, ಟೆಸ್ಟೋ, ಟೇರ್‌ಡೌನೋ (ಮುಗಿದ ಮೇಲಿನ ಸ್ವಚ್ಛತೆ) ಎಲ್ಲ ಅದರಲ್ಲಿರುತ್ತದೆ. ಲಾಗಿನ ಪ್ರತಿ ಸಾಲಿಗೂ ಇದನ್ನು ಅಂಟಿಸಿದ್ದೇವೆ. ಬಿಲ್ಡ್ ನೇತಾಡಿಕೊಂಡು ನಿಂತಾಗ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೊನೆಯ ಸಾಲೇ ಹೇಳುತ್ತದೆ.

ಚಿಲ್ಲರೆ ವಿಷಯ: ನೋ_ಕಲರ್ ಇಟ್ಟರೆ ಬಣ್ಣ ಹೋಗುತ್ತದೆ. ಸಿಐ ಎಂಬ ವೇರಿಯಬಲ್ ಇದ್ದರೆ ಕೊನೆಯ ಸಾರಾಂಶದ ಸಾಲುಗಳನ್ನು ಟರ್ಮಿನಲ್ ಅಗಲಕ್ಕೆ ಕತ್ತರಿಸುವುದಿಲ್ಲ. ಪೈಟೆಸ್ಟ್_ಡಿಸೇಬಲ್_ಪ್ಲಗಿನ್_ಆಟೋಲೋಡ್ ಇಟ್ಟರೆ ಇನ್‌ಸ್ಟಾಲ್ ಆಗಿರುವ ಪ್ಲಗಿನ್‌ಗಳು ತಾವಾಗಿ ಒಳಗೆ ಬರುವುದಿಲ್ಲ. ತಪ್ಪು ನಿಮ್ಮ ಕೋಡಿನದೋ ಪ್ಲಗಿನ್‌ನದೋ ಅಂತ ಬೇರ್ಪಡಿಸಲು ಇದಕ್ಕಿಂತ ಬೇಗದ ದಾರಿ ನನಗೆ ಸಿಕ್ಕಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ವಿಂಡೋಸ್‌ನವರು ಅರ್ಧ ಕಳೆಯಬಹುದು. ಅಲ್ಲಿನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸೆಟ್ ಬರೆದು ಬೆಲೆಗೆ ಕೋಟ್ ಹಾಕಿದರೆ ಆ ಕೋಟ್ ಕೂಡ ಬೆಲೆಯ ಒಳಗೇ ಹೋಗುತ್ತದೆ. ಎರಡು ಆಯ್ಕೆ ಕೊಟ್ಟಿದ್ದರೆ ಪೈಟೆಸ್ಟ್ ಎರಡನ್ನೂ ಸೇರಿಸಿ ಒಂದೇ ಅಂದುಕೊಳ್ಳುತ್ತದೆ. ಕೋಟ್ ಇಲ್ಲದಿದ್ದರೆ ಫೋಲ್ಡರ್ ದಾರಿಯ ಬ್ಯಾಕ್‌ಸ್ಲ್ಯಾಶ್‌ಗಳನ್ನಂತೂ ನುಂಗಿಯೇ ಬಿಡುತ್ತದೆ. ಕೋಟ್ ಬಿಡಿ, ಮುಂದಕ್ಕೆ ಬಾಗಿದ ಸ್ಲ್ಯಾಶ್ ಹಾಕಿ. ವಿಂಡೋಸ್ ಪೈಥಾನ್‌ಗೆ ಅದೂ ನಡೆಯುತ್ತದೆ.