ಮೂರು ಕಿಲೋವ್ಯಾಟ್ ಆನ್‌ಗ್ರಿಡ್ ಸೋಲಾರ್: ಬಿಸಿಲಿಗೆ ಬರವಿಲ್ಲ, ತಂತಿಯದೇ ತಕರಾರು

ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಶಿವಮೊಗ್ಗದ ಹೊರವಲಯದ ನಮ್ಮ ಬೀದಿಯಲ್ಲಿ ಐದಾರು ಮನೆಯವರು ತಾರಸಿ ಮೇಲೆ ಸೋಲಾರ್ ಹಾಕಿಸಿದರು. ನಾವೂ ಹಾಕಿಸಿದೆವು, ಬೀದಿಯ ಕರೆಂಟ್ ಲೈನಿಗೇ (ಗ್ರಿಡ್) ಜೋಡಿಸುವ ಆನ್‌ಗ್ರಿಡ್ ಬಗೆಯದು. 78,000 ರೂಪಾಯಿ ಸಬ್ಸಿಡಿ ಇಲ್ಲದಿದ್ದರೆ ಪಿಂಚಣಿ ದುಡ್ಡಿನಲ್ಲಿ ಇದು ಆಗುವ ಮಾತಲ್ಲ.

ಪ್ಯಾನೆಲ್ ಬಗ್ಗೆ ಒಂದೂ ದೂರಿಲ್ಲ. ಬೆಳಿಗ್ಗೆ ಗಾಜು ಕಾಯುವ ಮುಂಚೆ ಒಂದು ಬಕೆಟ್ ನೀರು, ಹಳೇ ಪಂಚೆ ಹಿಡಿದು ಮೇಲೆ ಹೋಗುತ್ತೇನೆ. ಪಾರಿವಾಳದ ಹಿಕ್ಕೆ ಮಾತ್ರ ನೆನೆಯಲು ಬಿಟ್ಟು ಒರೆಸಬೇಕು, ಉಜ್ಜಿದರೆ ಗಾಜಿಗೆ ಗೀರು. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಹನ್ನೆರಡು ಯೂನಿಟ್‌ಗೆ ಮೋಸವಿಲ್ಲ.

ಕಷ್ಟವೆಲ್ಲ ಮಧ್ಯಾಹ್ನದ್ದು. ಪ್ಯಾನೆಲ್ಲಿನ ಕರೆಂಟನ್ನು ಮನೆ ಕರೆಂಟಾಗಿಸುವ ಇನ್ವರ್ಟರಿನ ಪರದೆಯಲ್ಲಿ ವೋಲ್ಟೇಜ್ 249, 251, 252 ಅಂತ ಏರುತ್ತದೆ. ಆಮೇಲೆ ಒಳಗೆ ಟಕ್ ಅಂದು ಕೆಂಪು ದೀಪ. ಉತ್ಪಾದನೆ ಸೊನ್ನೆ. ಸ್ವಲ್ಪ ಹೊತ್ತಿಗೆ ತಾನೇ ಶುರುವಾಗುತ್ತದೆ, ಮತ್ತೆ ಟಕ್. ನೆಟ್ ಮೀಟರಿಂಗ್‌ನಲ್ಲಿ ರಾತ್ರಿ ಬಳಸುವ ಕರೆಂಟಿಗೆ ವಜಾ ಆಗಬೇಕಾದ ಯೂನಿಟ್ಟುಗಳು ಹೀಗೆ ಕಣ್ಣೆದುರೇ ಹಾಳಾದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಹಾಕಿಕೊಟ್ಟವರಿಗೆ ಫೋನ್ ಮಾಡಿದರೆ ‘ಗ್ರಿಡ್ ಪ್ರಾಬ್ಲಂ ಸಾರ್’, ಅಷ್ಟೇ.

ಬಿಡಿಸಿ ಹೇಳಿದ್ದು ನಮ್ಮ ಲೈನ್‌ಮನ್. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ನಮ್ಮದೇ ಕೊನೇ ಮನೆ. ಇಲ್ಲಿಂದ ಅತ್ತ ಕರೆಂಟ್ ಹರಿಯಬೇಕಾದರೆ ಇಲ್ಲಿನ ವೋಲ್ಟೇಜ್ ಅಲ್ಲಿಗಿಂತ ಮೇಲಿರಬೇಕು. ತಂತಿ ಉದ್ದವಾದಷ್ಟೂ ತೆಳುವಾದಷ್ಟೂ ಆ ಏರಿಕೆ ಜಾಸ್ತಿ. ಸಾಲದ್ದಕ್ಕೆ ಎಲ್ಲ ಮನೆಗಳೂ ಲೈನಿನ ಮೂರು ಫೇಸ್ ತಂತಿಗಳಲ್ಲಿ ಒಂದಕ್ಕೇ ಕರೆಂಟ್ ತಳ್ಳುತ್ತಿದ್ದವು. 230ರ ಶೇ 110, ಅಂದರೆ 253 ವೋಲ್ಟ್ ದಾಟಿದರೆ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಗ್ರಿಡ್‌ನಿಂದ ಕಳಚಿಕೊಳ್ಳಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮವಿದೆ. ಅದು ಅಕ್ಕಪಕ್ಕದವರ ಫ್ರಿಜ್ಜು, ಟಿವಿ ಉಳಿಸುತ್ತಿದೆ ಅಂತ ತಿಳಿದ ಮೇಲೆ ಯಂತ್ರದ ಮೇಲಿನ ಸಿಟ್ಟು ಇಳಿಯಿತು. ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುವುದೂ ಹಾಗೆಯೇ, ಕಂಬ ಹತ್ತಿದವನ ಜೀವ ಉಳಿಯಲಿ ಅಂತ.

ಇನ್ವರ್ಟರಿನಿಂದ ಮೀಟರಿಗೆ ಎಳೆದಿದ್ದ ತೆಳು ಕೇಬಲ್ ತೆಗೆಸಿ ದಪ್ಪದ್ದು ಹಾಕಿಸಿದೆ. ಅರ್ಜಿ ಕೊಟ್ಟ ಮೇಲೆ ಫೇಸ್ ಕೂಡ ಬದಲಾಯಿತು. ಈಗ ಟಕ್ ಅನ್ನುವುದು ಅಪರೂಪ. 250 ಮುಟ್ಟಿದರೆ ಮನೆಯವಳೇ ಬೋರಿನ ಮೋಟರ್ ಹಾಕುತ್ತಾಳೆ. ಕರೆಂಟ್ ಇಲ್ಲೇ ಖರ್ಚಾಗಿ ನಾಲ್ಕೈದು ವೋಲ್ಟ್ ಇಳಿಯುತ್ತದೆ, ಟ್ಯಾಂಕೂ ತುಂಬುತ್ತದೆ.

ನನ್ನ ಲೆಕ್ಕಕ್ಕೆ ನಾಲ್ಕು ಸ್ಟಾರ್. ಹಾಕಿಸುವವರು ಮೊದಲು ಬಿಸಿಲು ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಅಳೆಸಿ. ಆಗಲೇ 245 ಇದ್ದರೆ, ಯಾವ ದಪ್ಪದ ಕೇಬಲ್ ಹಾಕುತ್ತಾರೆ ಅಂತ ಕೊಟೇಶನ್‌ನಲ್ಲೇ ಬರೆಸಿಕೊಳ್ಳಿ.