ಫಿಲ್ಟರ್, ಎಎಂಎಸ್, ಎಸ್‌ಎಂಪಿಎಸ್: ಚೇಂಬರ್ ಏರೋಸಾಲ್ ಅಳೆಯೋಕೆ ನಂಗೆ ಸರಿಹೋಗಿದ್ದು ಯಾವ್ದು

ಮೊದ್ಲೇ ಹೇಳ್ಬಿಡ್ತೀನಿ, ನಾನು ಎಸ್‌ಎಂಪಿಎಸ್ ಪಾರ್ಟಿ, ಅಂದ್ರೆ ಏರೋಸಾಲ್ (ಗಾಳೀಲಿ ತೇಲೋ ಸಣ್ಣ ಕಣ) ಗಾತ್ರದ ಪ್ರಕಾರ ಎಣಿಸೋ ಯಂತ್ರದ ಕಡೆ. ಆರು ತಿಂಗಳು ಸತಾಯಿಸಿದ್ರೂ ಅದೇ ಪಾರ್ಟಿ. ಮೂರನ್ನೂ ಒಂದೇ ಟೆಫ್ಲಾನ್ ಬ್ಯಾಗಿಗೆ (ಅದೇ ನಮ್ಮ ಚೇಂಬರ್) ಜೋಡಿಸಿ ನೋಡಿದೀನಿ. ಒಳಗೆ ಅಮೋನಿಯಂ ಸಲ್ಫೇಟ್ ಸೀಡ್ (ಆವಿ ಬಂದು ಕೂರೋಕೆ ಮೊದ್ಲೇ ಹಾಕೋ ಕಣ), ಆಲ್ಫಾ ಪೈನೀನ್ (ಪೈನ್ ಮರದ ವಾಸನೆಯ ಆವಿ), ಆಮೇಲೆ ಓಝೋನ್. ಹುಟ್ಟಿದ ಆರ್ಗ್ಯಾನಿಕ್ ಏರೋಸಾಲ್‌ನ ತೂಕವನ್ನ ಖರ್ಚಾದ ಪೈನೀನ್ ತೂಕದಿಂದ ಭಾಗಿಸಿದ್ರೆ ಯೀಲ್ಡ್ ಬಂತು. ಲೆಕ್ಕ ಇಷ್ಟೇ, ತಲೆನೋವೆಲ್ಲ ಮೇಲಿರೋ ನಂಬರ್‌ದು, ಅಂದ್ರೆ ಏರೋಸಾಲ್ ತೂಕದ್ದು.

ಫಿಲ್ಟರ್‌ದು ಬೇಗ ಮುಗಿಸ್ತೀನಿ: ಬ್ಯಾಗಿನ ಗಾಳಿ ಎಳೆದು ಕಣ ಹಿಡಿದು ತೂಗೋದು. ನಮ್ಮ ಬ್ಯಾಗು 10 ಕ್ಯೂಬಿಕ್ ಮೀಟರ್. ನಿಮಿಷಕ್ಕೆ 10 ಲೀಟರ್ ಎಳೆದ್ರೆ ಎರಡು ಗಂಟೆಗೆ 1.2 ಕ್ಯೂಬಿಕ್ ಮೀಟರ್ ಗಾಳಿ ಹೋಯ್ತು. ಕ್ಯೂಬಿಕ್ ಮೀಟರ್‌ಗೆ 50 ಮೈಕ್ರೋಗ್ರಾಂ ಇದ್ರೂ ಫಿಲ್ಟರ್ ಮೇಲೆ ಕೂರೋದು ಬರೀ 60 ಮೈಕ್ರೋಗ್ರಾಂ, ಅಷ್ಟರಲ್ಲಿ ಬ್ಯಾಗು ಸೊರಗಿ ಮೂಲೆ ಮಡಚ್ಕೊಂಡಿರುತ್ತೆ, ಎರಡು ಗಂಟೇಲಿ ಏನೇನಾಯ್ತೋ ಎಲ್ಲಾ ಕಲಸಿ ಒಂದೇ ನಂಬರ್. ಕ್ವಾರ್ಟ್ಜ್ ಫಿಲ್ಟರ್ ಆದ್ರೆ ಕಣದ ಜೊತೆ ಆವಿನೂ ಹೀರ್ಕೊಂಡು ಜಾಸ್ತಿ ತೋರ್ಸುತ್ತೆ. ಆಮೇಲೆ ಕೂತು ಕೆಮಿಸ್ಟ್ರಿ ನೋಡೋಕೆ ಬೇಕು, ತೂಕಕ್ಕೆ ನಂಗೆ ಬೇಡ.

ಎಎಂಎಸ್ (ಏರೋಸಾಲ್ ಮಾಸ್ ಸ್ಪೆಕ್ಟ್ರೋಮೀಟರ್) ನಮ್ದಲ್ಲ, ಪಕ್ಕದ ಗುಂಪಿನವ್ರ ಹತ್ರ ಮೂರು ವಾರ ಎರವಲು ತಂದಿದ್ದು. ಕಣಗಳನ್ನ ನಿರ್ವಾತದಲ್ಲಿ ಸುಮಾರು 600 ಡಿಗ್ರಿ ಕಾದ ಟಂಗ್‌ಸ್ಟನ್‌ಗೆ ಬಡಿಯೋ ಹಾಗೆ ಬಿಟ್ಟು ಆವಿ ಮಾಡಿ ಮಾಸ್ ಸ್ಪೆಕ್ಟ್ರಮ್, ಅಂದ್ರೆ ಅಯಾನುಗಳ ತೂಕದ ಪಟ್ಟಿ, ತೆಗೆಯುತ್ತೆ. ಆರ್ಗ್ಯಾನಿಕ್ ಬೇರೆ, ಸಲ್ಫೇಟ್ ಬೇರೆ, ಕಣ್ಮುಂದೇನೇ ಗೆರೆ ಏರೋದು ನೋಡೋಕೆ ಮಜಾ ಅನ್ನೋದು ಒಪ್ಪಿದೆ. ಆದ್ರೆ ಒಣ ಸಲ್ಫೇಟ್ ಕಣ ಅಲ್ಲಿ ಬಡಿದು ಆವಿಯಾಗೋ ಮುಂಚೆನೇ ಪುಟಿದು ಹಾರಿ ಹೋಗುತ್ತೆ, ಅದಕ್ಕೆ ಕಲೆಕ್ಷನ್ ಎಫಿಶಿಯೆನ್ಸಿ ಅಂತ ಒಂದು ತಿದ್ದುಪಡಿ ಹಾಕ್ಬೇಕು, ಸುಮಾರಾಗಿ ಎಲ್ರೂ 0.5 (ಅರ್ಧ ಮಾತ್ರ ಸಿಕ್ತು ಅಂತ) ಹಾಕ್ತಾರೆ, ಆದ್ರೆ ಆರ್ಗ್ಯಾನಿಕ್ ಲೇಪ ಕೂರ್ತಾ ಹೋದ ಹಾಗೆ ಅದೂ ಬದಲಾಗ್ಬಹುದು. ಸರಿ, ಅದನ್ನ ತಿಳ್ಕೊಳ್ಳೋದು ಹೇಗೆ ಅಂದ್ರೆ ಪಕ್ಕದಲ್ಲಿ ಎಸ್‌ಎಂಪಿಎಸ್ ಇಟ್ಟು ತಾಳೆ ನೋಡಿ ಅಂತಾರೆ. ಹಾಗಿದ್ಮೇಲೆ!

ಈಗ ನಮ್ಮ ಎಸ್‌ಎಂಪಿಎಸ್. ಕಣಗಳಿಗೆ ಚಾರ್ಜ್ ಕೊಟ್ಟು, ವೋಲ್ಟೇಜ್ ಏರಿಸ್ತಾ ಗಾತ್ರದ ಪ್ರಕಾರ ಬೇರ್ಪಡಿಸಿ, ಬ್ಯುಟನಾಲ್ ಆವಿಯಲ್ಲಿ ಊದಿಸಿ ಎಣಿಸುತ್ತೆ. ಎರಡು ಮೂರು ನಿಮಿಷಕ್ಕೊಂದು ಸ್ಕ್ಯಾನ್. ತಂದ ಮೇಲೆ ನಮ್ಮ ಯೀಲ್ಡ್ ಉಲ್ಟಾ ಬರೋಕೆ ಶುರುವಾಯ್ತು.

ಏರೋಸಾಲ್ ಜಾಸ್ತಿ ಇದ್ದಷ್ಟೂ ಹೆಚ್ಚು ಆವಿ ಅದರಲ್ಲಿ ಕರಗಿ ಕೂರುತ್ತೆ, ಹಾಗಾಗಿ ಯೀಲ್ಡ್ ಏರ್ಬೇಕು, ಇದು 1996ರ ಓಡಮ್ ಕರ್ವ್ ನೋಡಿದವ್ರಿಗೆಲ್ಲ ಗೊತ್ತು. ನಮ್ದು 20 ಪಿಪಿಬಿ (ನೂರು ಕೋಟಿಯಲ್ಲಿ 20 ಭಾಗ) ಪೈನೀನ್ ಹಾಕಿದಾಗ ಚೆನ್ನಾಗೇ ಇತ್ತು, 40 ಹಾಕಿದ್ರೆ ಇಳೀತು. ಓಝೋನ್ ಸಾಲ್ತಿಲ್ಲ ಅಂದ್ಕೊಂಡೆ. ಸಿರಿಂಜ್ ಸೋರ್ತಿದೆ ಅಂತ ಬದಲಾಯಿಸ್ದೆ. ಬ್ಯಾಗ್ ಗೋಡೆಗೆ ಸ್ಟ್ಯಾಟಿಕ್ ಬಂದು ಕಣ ಎಳ್ಕೊಳ್ತಿದೆ ಅಂತ ಒಂದು ವಾರ ಯಾರೂ ಬ್ಯಾಗ್ ಮುಟ್ಟದ ಹಾಗೆ ಬೋರ್ಡ್ ಹಾಕ್ದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕೊನೆಗೆ ಒಂದಿನ ಸುಮ್ನೆ ಸ್ಕ್ರೀನಲ್ಲಿ ನಂಬರ್ ಗ್ರಾಫ್ ಬಿಟ್ಟು ವಾಲ್ಯೂಮ್ ಗ್ರಾಫ್ ಒತ್ತಿದೆ. ನಂಬರ್ ಗ್ರಾಫಲ್ಲಿ ಗುಡ್ಡ ಚೆಂದಾಗಿ ಎದ್ದು ಬಲಗಡೆ ಹೆಚ್ಚುಕಮ್ಮಿ ಸೊನ್ನೆಗೆ ಇಳಿದಿತ್ತು. ವಾಲ್ಯೂಮಲ್ಲಿ ಅದೇ ಗುಡ್ಡ ಏರ್ತಾ ಏರ್ತಾ ಹೋಗಿ ಬಲ ತುದೀಲಿ ಕತ್ತರಿ ಹಾಕಿದ ಹಾಗೆ ನೆಟ್ಟಗೆ ನಿಂತಿದೆ! 500 ನ್ಯಾನೋಮೀಟರ್‌ನ ಒಂದು ಕಣ 100ರ 125 ಕಣಕ್ಕೆ ಸಮ, ಎಣಿಕೆಯಲ್ಲಿ ಲೆಕ್ಕಕ್ಕಿಲ್ಲದ ಆ ಬಾಲದಲ್ಲೇ ತೂಕ ಕೂತಿತ್ತು. ಶೀತ್ ಫ್ಲೋ, ಅಂದ್ರೆ ಒಳಗೆ ಕಣಗಳ ಜೊತೆ ಹರಿಯೋ ಶುದ್ಧ ಗಾಳಿ, ಇನ್‌ಸ್ಟಾಲ್ ಮಾಡೋಕೆ ಬಂದವ್ರು ನಿಮಿಷಕ್ಕೆ 10 ಲೀಟರ್‌ಗೆ ಇಟ್ಟು ಹೋಗಿದ್ರು, ಅಷ್ಟು ಜೋರಾದ್ರೆ ಕಣ ಬೇರ್ಪಡಿಸೋ ನಮ್ಮ ಕಾಲಂ 300 ನ್ಯಾನೋಮೀಟರ್ ಆಸುಪಾಸಲ್ಲೇ ಮುಗಿಯುತ್ತೆ, ಅದಕ್ಕಿಂತ ದೊಡ್ಡದು ಕಾಣಲ್ಲ. ಪೈನೀನ್ ಹೆಚ್ಚು ಹಾಕಿದಷ್ಟೂ ಕಣ ಬೆಳೆದು ಕಿಟಕಿ ದಾಟಿ ಹೋಗ್ತಿತ್ತು, ನಾನು ಗೋಡೆನ ಬೈತಿದ್ದೆ. 3 ಲೀಟರ್‌ಗೆ ಇಳಿಸಿ, ಸ್ಯಾಂಪಲ್ 0.3 ಮಾಡಿ, ಟ್ಯೂಬಲ್ಲಿ ಆಗೋ ತಡದ ಸೆಕೆಂಡುಗಳನ್ನ ಮತ್ತೆ ಹೊಂದಿಸಿದ್ಮೇಲೆ 650 ದಾಟೋವರೆಗೂ ಕಾಣ್ಸುತ್ತೆ. ಸಣ್ಣ ಕಣ ಟ್ಯೂಬಲ್ಲೇ ಸ್ವಲ್ಪ ಜಾಸ್ತಿ ಸಾಯುತ್ತೆ, ಸೀಡ್ ಹಾಕೋ ನಂಗೆ ಅದು ಪರ್ವಾಗಿಲ್ಲ, ಸೀಡಿಲ್ದೆ ನ್ಯೂಕ್ಲಿಯೇಷನ್ (ಆವಿಯಿಂದ ಹೊಸ ಕಣ ಹುಟ್ಟೋದು) ನೋಡೋವ್ರು 10ರಲ್ಲೇ ಇರಿ.

ಡೆನ್ಸಿಟಿ ಇನ್ನೊಂದು ಕಿರಿಕಿರಿ: ಇದು ಕೊಡೋದು ಗಾತ್ರ, ತೂಕ ಅಲ್ಲ. ಸೀಡ್‌ನ ವಾಲ್ಯೂಮ್ ಮೊದ್ಲು ಕಳೀರಿ, ಉಳಿದ ಆರ್ಗ್ಯಾನಿಕ್‌ಗೆ ಮಾತ್ರ ಡೆನ್ಸಿಟಿ 1.3 (ಘನ ಸೆಂಟಿಮೀಟರ್‌ಗೆ ಗ್ರಾಂ) ಹಾಕಿ. ಸಲ್ಫೇಟ್‌ದು 1.77, ಎರಡನ್ನೂ ಸೇರ್ಸಿ ಗುಣಿಸಿದ್ರೆ ಕತೆ ಮುಗೀತು.

ಬ್ಯುಟನಾಲ್ ತುಂಬಿರೋ ಕೌಂಟರ್‌ನ ವಾಲಿಸಿ ಎತ್ಬೇಡಿ, ಆಪ್ಟಿಕ್ಸ್ ಮುಳುಗುತ್ತೆ. ಒಮ್ಮೆ ಮುಳುಗಿಸಿದೀನಿ. ಅದರ ಎಕ್ಸಾಸ್ಟ್‌ನ ಕಿಟಕಿ ಆಚೆ ಬಿಡಿ.

ಗೋಡೆಗೆ ಹೋಗೋ ಆವಿ ಮೂರಕ್ಕೂ ಕಾಣಲ್ಲ. ಪೈನೀನ್ ಬದಲು ಟೊಲ್ವೀನ್ ಹಾಕಿದ ಪ್ರಯೋಗದಲ್ಲಿ ಅದರಿಂದ ಏರೋಸಾಲ್‌ನ ನಾಲ್ಕು ಪಟ್ಟಿನವರೆಗೂ ಕಮ್ಮಿ ಅಳೆದಿರ್ಬಹುದು ಅಂತ 2014ರಲ್ಲೇ ತೋರ್ಸಿದಾರೆ. ಗೋಡೆಗೆ ಹೋಗೋ ಕಣದ ಲೆಕ್ಕನಾದ್ರೂ ಎಸ್‌ಎಂಪಿಎಸ್‌ನಲ್ಲಿ ಗಾತ್ರದ ಪ್ರಕಾರ ಸಿಗುತ್ತೆ.

ನಮ್ ಲ್ಯಾಬಲ್ಲಿ ಇರೋದು ಇಬ್ರು, ಎಎಂಎಸ್‌ಗೆ ಬೇಕಾಗೋ ಟರ್ಬೋ ಪಂಪ್ (ನಿರ್ವಾತ ಮಾಡೋದು) ರಿಪೇರಿಗೆ ದುಡ್ಡಿಲ್ಲ, ಮತ್ತೆ ನಂಗೆ ಪ್ರಯೋಗ ನಡೀತಿರುವಾಗ್ಲೇ ಗ್ರಾಫ್ ನೋಡ್ತಾ ಕೂರೋ ಚಟ. ಹಾಗಾಗಿ ಎಸ್‌ಎಂಪಿಎಸ್ ದಿನಾ, ಎಎಂಎಸ್ ಎರವಲು ಸಿಕ್ಕಾಗ, ಫಿಲ್ಟರ್ ಕೆಮಿಸ್ಟ್ರಿಗೆ. ಬಾಲ ತುಂಡಾದ ಆರು ರನ್‌ಗೆ ಕರ್ವ್ ಫಿಟ್ ಹಾಕಿ ಸರಿಮಾಡು ಅಂದ್ರು, ಮನಸ್ಸು ಒಪ್ಪಲಿಲ್ಲ, ಮತ್ತೆ ಮಾಡ್ತಿದೀನಿ. ನಾಲ್ಕು ಆಯ್ತು, 40 ಪಿಪಿಬಿದು ಈಗ 20ರದಕ್ಕಿಂತ ಮೇಲೇ ಇದೆ.